ವಿದ್ಯುತ್ತನ್ನು ಅಳೆದ ವಿಶ್ವಾಸಿ: ಆಂದ್ರೆ ಮರೀ ಆಂಪಿಯರ್

ಚನ್ನಗಿರಿ ತಾಲ್ಲೂಕಿನ ಉಬ್ರಾಣಿ ಹೋಬಳಿಯಲ್ಲಿ ಬೇಸಿಗೆ ಬಂತೆಂದರೆ ವೋಲ್ಟೇಜ್ ಎಂಬ ಪದ ಅಡಿಕೆ ಬೆಳೆಗಾರರೆಲ್ಲರ ಬಾಯಲ್ಲಿ ಕೇಳಿಬರುತ್ತದೆ. ಕರೆಂಟು ಬಂದಿದೆ, ಆದರೆ ವೋಲ್ಟೇಜ್ ಇಲ್ಲ, ಈಗಲೇ ಮೋಟಾರು ಹಾಕಬೇಡಿ ಎಂಬ ಎಚ್ಚರಿಕೆ ತೋಟದಿಂದ ತೋಟಕ್ಕೆ ಹೋಗುತ್ತದೆ. ಶಾಲೆಯ ಮೆಟ್ಟಿಲು ಹತ್ತದವರೂ ಸಹಜವಾಗಿ ಆಡುವ ಈ ಮಾತಿನಲ್ಲಿ ಸೂಕ್ಷ್ಮವಾದ ಒಂದು ವಿವೇಚನೆ ಅಡಗಿದೆ. ವಿದ್ಯುತ್ತಿನ ಒತ್ತಡ ಬೇರೆ, ತಂತಿಯಲ್ಲಿ ಹರಿಯುವ ಪ್ರವಾಹ ಬೇರೆ ಎಂಬುದೇ ಆ ವಿವೇಚನೆ. 1820ರವರೆಗೆ ಯೂರೋಪಿನ ಘನ ವಿದ್ವಾಂಸರಲ್ಲಿಯೂ ಇದು ಸ್ಪಷ್ಟವಾಗಿರಲಿಲ್ಲ. ಇವೆರಡನ್ನೂ ಬಿಡಿಸಿ, ಒಂದೊಂದನ್ನೂ ಬೇರೆ ಬೇರೆಯಾಗಿ ಅಳೆಯಬೇಕೆಂದು ತೋರಿಸಿಕೊಟ್ಟವರು ಫ್ರಾನ್ಸ್ ದೇಶದ ಆಂದ್ರೆ ಮರೀ ಆಂಪಿಯರ್. ನಮ್ಮ ಮನೆಯ ಫ್ಯೂಸು, ಸ್ವಿಚ್ಚು, ಮೀಟರುಗಳ ಮೇಲೆ ಅಚ್ಚಾಗಿರುವುದು ಅವರ ಮನೆತನದ ಹೆಸರು. ಅವರು ಕಥೋಲಿಕ ಧರ್ಮಸಭೆಯ ಮಗನಾಗಿ ಹುಟ್ಟಿ, ನಡುವೆ ಕೆಲವು ವರ್ಷ ವಿಶ್ವಾಸದ ನೆಲೆ ತಪ್ಪಿ ತಳಮಳಿಸಿ, ಮತ್ತೆ ಜಪಸರವನ್ನು ಕೈಗೆತ್ತಿಕೊಂಡವರೆಂಬುದು ನಮ್ಮಲ್ಲಿ ಅನೇಕರಿಗೆ ತಿಳಿಯದು.

ಆಂಪಿಯರ್ ಅವರು 1775ರ ಜನವರಿ 20ರಂದು ಲಿಯೋನ್ ನಗರದಲ್ಲಿ ಜನಿಸಿದರು. ತಂದೆ ಜಾನ್ ಜಾಕ್ ಆಂಪಿಯರ್ ರೇಷ್ಮೆ ವ್ಯಾಪಾರಿ. ತಾಯಿ ದೈವಭಕ್ತೆ. ಬಾಲಕನಿಗೆ ಏಳೆಂಟು ವರ್ಷವಾಗುವಷ್ಟರಲ್ಲಿ ಕುಟುಂಬ ನಗರವನ್ನು ಬಿಟ್ಟು ಸಮೀಪದ ಪೊಲೆಮಿಯೊ ಎಂಬ ಹಳ್ಳಿಗೆ ಬಂದು ನೆಲೆಸಿತು. ಆಂದ್ರೆ ಯಾವ ಶಾಲೆಗೂ ಹೋಗಲಿಲ್ಲ. ಮಗುವನ್ನು ಅದರ ಕುತೂಹಲದ ಹಾದಿಯಲ್ಲಿಯೇ ಬೆಳೆಯಲು ಬಿಡಬೇಕೆಂಬುದು ತಂದೆಯ ಮತವಾಗಿತ್ತು. ಅದಕ್ಕಾಗಿ ಅವರು ಮಾಡಿದ್ದಿಷ್ಟೇ: ಮನೆಯ ಪುಸ್ತಕ ಭಂಡಾರದ ಬಾಗಿಲನ್ನು ತೆರೆದಿಟ್ಟರು. ಅಂಕಿಗಳನ್ನು ಬರೆಯಲು ಕಲಿಯುವ ಮೊದಲೇ ಈ ಮಗು ಬೆಣಚುಕಲ್ಲುಗಳನ್ನೂ ಅವರೆಕಾಳಿನಂತಹ ಬೀಜಗಳನ್ನೂ ಸಾಲಾಗಿ ಜೋಡಿಸಿ ದೊಡ್ಡ ದೊಡ್ಡ ಲೆಕ್ಕಗಳನ್ನು ಮಾಡುತ್ತಿತ್ತೆಂದು ಅವರ ಮಿತ್ರ ಅರಾಗೋ ಬರೆದಿಟ್ಟಿದ್ದಾರೆ. ಮುಂದೆ ಆಯ್ಲರ್ ಮತ್ತು ಬರ್ನೂಲಿಯವರ ಗಣಿತ ಗ್ರಂಥಗಳು ಬೇಕೆನಿಸಿದಾಗ ಅವು ಲ್ಯಾಟಿನ್ ಭಾಷೆಯಲ್ಲಿವೆಯೆಂದು ತಿಳಿಯಿತು. ಬಾಲಕ ಆ ಗ್ರಂಥಗಳಿಗಾಗಿಯೇ ಲ್ಯಾಟಿನ್ ಕಲಿತನು. ಕಲನಶಾಸ್ತ್ರದ ಮೊದಲ ಪಾಠಗಳನ್ನು ಹೇಳಿಕೊಟ್ಟವರು ಲಿಯೋನಿನ ಯಾಜಕರಾದ ದಬುರೋನ್ ಎಂಬುವರು.

ಇಷ್ಟು ಹಿತವಾಗಿ ಆರಂಭವಾದ ಬಾಳಿನ ಮೇಲೆ ಫ್ರೆಂಚ್ ಕ್ರಾಂತಿಯ ಸಿಡಿಲೆರಗಿತು. ತಂದೆ ಲಿಯೋನಿನಲ್ಲಿ ನ್ಯಾಯಾಧಿಕಾರಿಯ ಹುದ್ದೆಯನ್ನು ವಹಿಸಿಕೊಂಡಿದ್ದರು. ನಗರವು ಕ್ರಾಂತಿಕಾರಿಗಳ ಸೇನೆಗೆ ಸೋತು ಶರಣಾದ ಮೇಲೆ, 1793ರ ನವೆಂಬರ್ ತಿಂಗಳಲ್ಲಿ, ಅವರನ್ನು ಗಿಲೊಟಿನ್ ಯಂತ್ರಕ್ಕೆ ಒಪ್ಪಿಸಲಾಯಿತು. ಮಗನಿಗೆ ಆಗ ಹದಿನೆಂಟು ವರ್ಷ. ಹಿಂದಿನ ವರ್ಷವಷ್ಟೇ ಅಕ್ಕ ತೀರಿಕೊಂಡಿದ್ದಳು. ಒಂದು ವರ್ಷಕ್ಕೂ ಮೇಲ್ಪಟ್ಟು ಈ ತರುಣ ಪುಸ್ತಕ ಮುಟ್ಟಲಿಲ್ಲ, ಯಾರೊಡನೆಯೂ ಮಾತನಾಡಲಿಲ್ಲ. ಮಂಕು ಬಡಿದವನಂತೆ ಆಕಾಶವನ್ನು ನೋಡುತ್ತ, ಮರಳನ್ನು ಗುಡ್ಡೆ ಮಾಡುತ್ತ ಕಾಲ ಕಳೆದನು. ಕೊನೆಗೆ ಗಿಡಮೂಲಿಕೆಗಳನ್ನು ಕುರಿತ ಪುಸ್ತಕವೊಂದು ಅವನನ್ನು ಹೊಲಗದ್ದೆಗಳ ಕಡೆಗೆ ಕರೆದೊಯ್ದು, ನಿಧಾನವಾಗಿ ಮನುಷ್ಯರ ನಡುವೆ ತಂದು ನಿಲ್ಲಿಸಿತು.

1799ರ ಆಗಸ್ಟ್‌ನಲ್ಲಿ ಜೂಲೀ ಕ್ಯಾರೋನ್ ಎಂಬ ಕನ್ಯೆಯೊಡನೆ ಅವರ ವಿವಾಹವಾಯಿತು. ಮರುವರ್ಷ ಗಂಡುಮಗು ಹುಟ್ಟಿತು. ತಂದೆಯ ಹೆಸರನ್ನೇ ಮಗನಿಗಿಟ್ಟರು. ಮನೆಪಾಠದ ಸಂಪಾದನೆ ಸಾಲದೆ 1802ರಲ್ಲಿ ಬೂರ್ಗ್ ಪಟ್ಟಣದ ಶಾಲೆಯಲ್ಲಿ ಭೌತಶಾಸ್ತ್ರ ಮತ್ತು ರಸಾಯನಶಾಸ್ತ್ರದ ಅಧ್ಯಾಪಕರಾಗಿ ಹೋದರು. ಹೆರಿಗೆಯ ನಂತರ ಕಾಯಿಲೆ ಬಿದ್ದಿದ್ದ ಪತ್ನಿ ಲಿಯೋನಿನಲ್ಲಿಯೇ ಉಳಿಯಬೇಕಾಯಿತು. ಸಂಸಾರವೆಲ್ಲ ಪತ್ರಗಳಲ್ಲಿ ನಡೆಯಿತು. ರಸಾಯನಗಳಿಂದ ಬಟ್ಟೆ ಸುಟ್ಟುಕೊಳ್ಳುವ ಪತಿಗೆ ಆಕೆ ಬುದ್ಧಿ ಹೇಳುತ್ತಿದ್ದಳು. ಆತ ಬರೆಯುತ್ತಿದ್ದ ಗಣಿತ ಪ್ರಬಂಧ ಎಲ್ಲಿಗೆ ಬಂತೆಂದು ವಿಚಾರಿಸುತ್ತಿದ್ದಳು. ಆ ಪ್ರಬಂಧದ ಬಲದಿಂದ ಅವರಿಗೆ ಲಿಯೋನಿನಲ್ಲಿಯೇ ಹುದ್ದೆ ದೊರೆತು, ಸಂಸಾರ ಒಂದೆಡೆ ಸೇರುವ ದಿನ ಬಂತು. ಆದರೆ 1803ರ ಜುಲೈ 13ರಂದು ಜೂಲೀ ಕಣ್ಮುಚ್ಚಿದಳು. ವಿವಾಹವಾಗಿ ನಾಲ್ಕು ವರ್ಷವೂ ತುಂಬಿರಲಿಲ್ಲ.

ಲಿಯೋನಿನಲ್ಲಿರಲಾರದೆ ಅವರು ಪ್ಯಾರಿಸ್ಸಿಗೆ ಹೋಗಿ ಪಾಲಿಟೆಕ್ನಿಕ್ ಶಾಲೆಯಲ್ಲಿ ಕೆಲಸ ಹಿಡಿದರು. ಅಲ್ಲಿಯ ತತ್ತ್ವಜ್ಞಾನಿಗಳ ಸಹವಾಸದಲ್ಲಿ ಅವರ ವಿಶ್ವಾಸ ಸಡಿಲವಾಯಿತು. ಸ್ನೇಹಿತರ ಒತ್ತಾಯದಿಂದ 1806ರಲ್ಲಿ ಮರುವಿವಾಹವಾದರು. ಅದು ಎರಡೇ ವರ್ಷಗಳಲ್ಲಿ ಮುರಿದುಬಿತ್ತು. ಆ ವಿವಾಹದಿಂದ ಹುಟ್ಟಿದ ಅಲ್ಬೀನ್ ಎಂಬ ಮಗಳನ್ನು ಅವರೇ ಸಾಕಿದರು. ಹೊರಗಿನಿಂದ ನೋಡಿದವರಿಗೆ ಅವರದು ಏಳಿಗೆಯ ಬಾಳು: 1808ರಲ್ಲಿ ವಿಶ್ವವಿದ್ಯಾಲಯದ ಮಹಾನಿರೀಕ್ಷಕರು, 1809ರಲ್ಲಿ ಪ್ರಾಧ್ಯಾಪಕರು, 1814ರಲ್ಲಿ ವಿಜ್ಞಾನ ಅಕಾಡೆಮಿಯ ಸದಸ್ಯರು. ಒಳಗಿನ ಕಥೆ ಬೇರೆಯೇ ಆಗಿತ್ತು. ದೇವರಿದ್ದಾನೆಂಬುದನ್ನು ಗಣಿತದ ಪ್ರಮೇಯದಂತೆ ಸಾಧಿಸಲು ಹೊರಟು, ಸಾಧಿಸಲಾಗದೆ, ಬಿಟ್ಟುಬಿಡಲೂ ಆಗದೆ ಅವರು ವರ್ಷಗಟ್ಟಲೆ ನರಳಿದರು. 1817ರ ಹೊತ್ತಿಗೆ ಅವರು ಧರ್ಮಸಭೆಯ ಆಚರಣೆಗಳಿಗೆ ಹಿಂದಿರುಗಿದರು. ವಾದದಲ್ಲಿ ಗೆದ್ದು ಹಿಂದಿರುಗಿದರೆಂದು ಹೇಳಲಾಗದು. ಪಾಪನಿವೇದನೆ ಮಾಡಿ, ಪರಮಪ್ರಸಾದ ಸ್ವೀಕರಿಸಿ, ಎಲ್ಲರಂತೆ ಪೀಠದ ಮುಂದೆ ಮೊಣಕಾಲೂರಿ ಹಿಂದಿರುಗಿದರು. ಅವರ ಹೆಸರನ್ನು ಚಿರಸ್ಥಾಯಿಯಾಗಿಸಿದ ಶೋಧನೆಯೆಲ್ಲ ನಡೆದದ್ದು ಇದಾದ ಮೇಲೆಯೇ.

1800ರಲ್ಲಿ ಇಟಲಿಯ ಅಲೆಸ್ಸಾಂದ್ರೋ ವೋಲ್ಟಾ ವಿದ್ಯುತ್ಕೋಶವನ್ನು ಲೋಕಕ್ಕೆ ಪರಿಚಯಿಸಿದ್ದರು. (ಇವರೂ ಕಥೋಲಿಕರೇ. ಕೋಮೋ ಊರಿನ ತಮ್ಮ ದೇವಾಲಯದಲ್ಲಿ ಮಕ್ಕಳಿಗೆ ಧರ್ಮೋಪದೇಶ ಕಲಿಸುತ್ತಿದ್ದವರು.) ಎರಡು ದಶಕಗಳ ಕಾಲ ವಿದ್ವಾಂಸರು ಆ ಕೋಶದಿಂದ ಕಿಡಿ ಹಾರಿಸಿದರು, ನೀರನ್ನು ಒಡೆದರು, ಹೊಸ ಲೋಹಗಳನ್ನು ಪಡೆದರು. ಆದರೆ ತಂತಿಯೊಳಗೆ ಏನು ನಡೆಯುತ್ತಿದೆಯೆಂದು ಅಳೆಯುವ ಸಾಧನವಿರಲಿಲ್ಲ. 1820ರಲ್ಲಿ ಡೆನ್ಮಾರ್ಕಿನ ಅರ್ಸ್ಟೆಡ್ ಎಂಬ ಪ್ರಾಧ್ಯಾಪಕರು ವಿದ್ಯುತ್ ಹರಿಯುವ ತಂತಿಯ ಬಳಿ ದಿಕ್ಸೂಚಿಯ ಮುಳ್ಳು ತಿರುಗುವುದನ್ನು ಕಂಡರು. ಆ ಪ್ರಯೋಗವನ್ನು ಅರಾಗೋ ಸೆಪ್ಟೆಂಬರ್ 11ರಂದು ಪ್ಯಾರಿಸ್ಸಿನ ಅಕಾಡೆಮಿಯ ಮುಂದೆ ಮಾಡಿ ತೋರಿಸಿದರು. ಸಭೆಯಲ್ಲಿ ಕುಳಿತಿದ್ದ ಆಂಪಿಯರ್ ಅವರಿಗೆ ನಲವತ್ತೈದು ವರ್ಷ. ವಿದ್ಯುತ್ತಿನ ಬಗ್ಗೆ ಅಲ್ಲಿಯವರೆಗೆ ಅವರು ಹೇಳಿಕೊಳ್ಳುವಂತಹ ಸಂಶೋಧನೆ ಮಾಡಿರಲಿಲ್ಲ. ಮುಂದಿನ ಸೋಮವಾರ, ಸೆಪ್ಟೆಂಬರ್ 18ರಂದು, ಅವರು ತಮ್ಮ ಮೊದಲ ಪ್ರಬಂಧದೊಡನೆ ಅದೇ ಸಭೆಯ ಮುಂದೆ ನಿಂತಿದ್ದರು. ಒಂದು ವಾರ! ವಿಜ್ಞಾನದ ಚರಿತ್ರೆಯಲ್ಲಿ ಇಂತಹ ವಾರಗಳು ಹೆಚ್ಚಿಲ್ಲ.

ಮುಂದಿನ ವಾರಗಳಲ್ಲಿ ಅವರು ತೋರಿಸಿದ್ದು ಇದು. ಎರಡು ತಂತಿಗಳನ್ನು ಸಮಾಂತರವಾಗಿಟ್ಟು ಎರಡರಲ್ಲಿಯೂ ಒಂದೇ ದಿಕ್ಕಿಗೆ ವಿದ್ಯುತ್ ಹರಿಸಿದರೆ ಅವು ಪರಸ್ಪರ ಸೆಳೆಯುತ್ತವೆ. ವಿರುದ್ಧ ದಿಕ್ಕಿಗೆ ಹರಿಸಿದರೆ ದೂರ ಸರಿಯುತ್ತವೆ. ಇದರಲ್ಲಿ ಅಯಸ್ಕಾಂತವೇ ಇಲ್ಲ. ಎಷ್ಟು ವಿದ್ಯುತ್ ಹರಿಯುತ್ತಿದೆಯೋ ಅಷ್ಟು ಬಲ. ಬಲವನ್ನು ಅಳೆದರೆ ಪ್ರವಾಹವನ್ನು ಅಳೆದಂತೆಯೇ ಸರಿ. ಆ ವರ್ಷದ ಪ್ರಬಂಧದಲ್ಲಿಯೇ ಅವರು ವಿದ್ಯುತ್ತಿನ ಒತ್ತಡ ಮತ್ತು ವಿದ್ಯುತ್ತಿನ ಪ್ರವಾಹ ಎಂಬ ಎರಡು ಪರಿಕಲ್ಪನೆಗಳನ್ನು ಬೇರ್ಪಡಿಸಿದರು. ಮಂಡಲ ತೆರೆದಿರುವಾಗ ಎರಡು ತುದಿಗಳ ನಡುವೆ ಕಾಯುತ್ತಿರುವುದು ಒತ್ತಡ. ಮಂಡಲ ಮುಚ್ಚಿದೊಡನೆ ಹರಿಯುವುದು ಪ್ರವಾಹ. ಒತ್ತಡವನ್ನು ಆ ಮೊದಲೇ ಇದ್ದ ಸಾಧನಗಳು ತೋರಿಸುತ್ತಿದ್ದವು. ಪ್ರವಾಹವನ್ನು ದಿಕ್ಸೂಚಿಯ ಮುಳ್ಳಿನಿಂದ ಅರಿಯಬೇಕೆಂದು ಹೇಳಿ, ಅಂತಹ ಸಾಧನಕ್ಕೆ ಗ್ಯಾಲ್ವನೋಮೀಟರ್ ಎಂದು ಹೆಸರಿಟ್ಟವರು ಆಂಪಿಯರ್ ಅವರೇ. ಧನ ತುದಿಯಿಂದ ಋಣ ತುದಿಯ ಕಡೆಗೆ ಪ್ರವಾಹ ಹರಿಯುತ್ತದೆಂದು ಗುರುತಿಸುವ, ನಮ್ಮ ಮಕ್ಕಳು ಇಂದಿಗೂ ಪಾಠದಲ್ಲಿ ಕಲಿಯುವ ಪದ್ಧತಿಯೂ ಅವರದೇ.

ಈ ಎರಡರ ನಡುವಿನ ಸಂಬಂಧವೇನೆಂಬುದನ್ನು ಮಾತ್ರ ಅವರು ಕಂಡುಹಿಡಿಯಲಿಲ್ಲ. ಆ ಭಾಗ್ಯ ಜರ್ಮನಿಯ ಬಡ ಉಪಾಧ್ಯಾಯ ಗೇಯಾರ್ಗ್ ಸೈಮನ್ ಓಮ್ ಅವರದಾಯಿತು. ಓಮ್ ಪ್ರೊಟೆಸ್ಟಂಟರು. ಆದರೆ ಪಾಠ ಹೇಳುತ್ತಿದ್ದುದು, ಪ್ರಯೋಗ ನಡೆಸಿದ್ದು ಕಲೋನ್ ನಗರದಲ್ಲಿ ಹಿಂದೆ ಯೇಸುಸಭೆಯ ಗುರುಗಳು ನಡೆಸಿದ್ದ ಶಾಲೆಯಲ್ಲಿ. ಬೇರೆ ಬೇರೆ ಉದ್ದದ ತಂತಿಗಳ ಮೂಲಕ ವಿದ್ಯುತ್ ಹರಿಸಿ, ತೂಗುಬಿಟ್ಟ ಕಾಂತದ ಮುಳ್ಳು ಎಷ್ಟು ತಿರುಗುತ್ತದೆಂದು ಅವರು ತಾಳ್ಮೆಯಿಂದ ಅಳೆದರು. 1827ರಲ್ಲಿ ಪ್ರಕಟವಾದ ಅವರ ಗ್ರಂಥದ ಸಾರ ಇಷ್ಟೇ: ಒತ್ತಡವನ್ನು ಪ್ರವಾಹದಿಂದ ಭಾಗಿಸಿದರೆ ಬರುವುದು ಆ ತಂತಿಯ ರೋಧ, ಅಂದರೆ ವಿದ್ಯುತ್ತಿಗೆ ಅದು ಒಡ್ಡುವ ತಡೆ. ಉಷ್ಣತೆ ಬದಲಾಗದಿದ್ದರೆ ಲೋಹದ ತಂತಿಯ ರೋಧವೂ ಬದಲಾಗದು.

ಅಡಿಗೆ ಮನೆಯಿಂದಲೇ ಉದಾಹರಣೆ ತೆಗೆದುಕೊಳ್ಳೋಣ. 230 ವೋಲ್ಟ್ ಒತ್ತಡದಲ್ಲಿ ವಿದ್ಯುತ್ ಒಲೆಯೊಂದು 5 ಆಂಪಿಯರ್ ಪ್ರವಾಹವನ್ನು ಎಳೆಯುತ್ತದೆಯೆನ್ನಿ. 230ನ್ನು 5ರಿಂದ ಭಾಗಿಸಿದರೆ 46. ಒಲೆಯ ತಂತಿಯ ರೋಧ 46 ಓಮ್. ಅವೇ ಎರಡು ಸಂಖ್ಯೆಗಳನ್ನು ಗುಣಿಸಿದರೆ 1150. ಒಲೆಯ ಸಾಮರ್ಥ್ಯ 1150 ವ್ಯಾಟ್. ಒಂದು ಗಂಟೆ ಉರಿದರೆ ಮೀಟರಿನಲ್ಲಿ ಒಂದು ಯೂನಿಟ್ಟಿಗೆ ತುಸು ಹೆಚ್ಚು. ಭಾಗಿಸಿದರೆ ರೋಧ, ಗುಣಿಸಿದರೆ ಸಾಮರ್ಥ್ಯ: ಹತ್ತನೆಯ ತರಗತಿಯ ಮಕ್ಕಳು ಉರುಹೊಡೆಯುವ ಸೂತ್ರ ಇದಕ್ಕಿಂತ ಹೆಚ್ಚಿನದೇನಲ್ಲ. ಈಗ ಒತ್ತಡ 180 ವೋಲ್ಟಿಗೆ ಇಳಿಯಿತೆನ್ನಿ. ರೋಧ ಅದೇ 46 ಎಂದಿಟ್ಟುಕೊಂಡರೆ ಪ್ರವಾಹ 3.9 ಆಂಪಿಯರಿಗೆ ಕುಸಿಯುತ್ತದೆ, ಸಾಮರ್ಥ್ಯ 704 ವ್ಯಾಟಿಗೆ. ಒತ್ತಡ ಕಾಲು ಭಾಗದಷ್ಟೂ ಇಳಿಯಲಿಲ್ಲ, ಶಾಖ ಮೂರನೆಯ ಒಂದು ಭಾಗಕ್ಕಿಂತ ಹೆಚ್ಚು ನಷ್ಟವಾಯಿತು. ಅನ್ನ ಬೇಯಲು ಏಕೆ ತಡವಾಯಿತೆಂದು ಅತ್ತೆ ಸೊಸೆಯನ್ನು ದೂರುವ ಮುನ್ನ ಈ ಲೆಕ್ಕವನ್ನೊಮ್ಮೆ ನೋಡುವುದು ಒಳ್ಳೆಯದು.

ಉಬ್ರಾಣಿಯ ಬೆಳೆಗಾರನ ಚಿಂತೆ ಒಲೆಯದಲ್ಲ, ಕೊಳವೆಬಾವಿಯ ಮೋಟಾರಿನದು. ಅದರ ಸ್ವಭಾವ ಒಲೆಗೆ ವಿರುದ್ಧ. ನೀರನ್ನು ಮೇಲೆತ್ತುವ ಹೊರೆ ಕಡಿಮೆಯಾಗದಿರುವುದರಿಂದ, ಒತ್ತಡ ಕುಸಿದಾಗ ಮೋಟಾರು ಅಷ್ಟೇ ಕೆಲಸಕ್ಕಾಗಿ ಹೆಚ್ಚು ಪ್ರವಾಹವನ್ನು ಎಳೆಯುತ್ತದೆ. ಮೂರು ಫೇಸಿನ ಲೆಕ್ಕ ಸ್ವಲ್ಪ ಬೇರೆಯಾದರೂ ಪ್ರಮಾಣ ಅದೇ. ಒತ್ತಡ 230ರಿಂದ 180ಕ್ಕೆ ಇಳಿಯುವ ಅನುಪಾತದಲ್ಲಿ ಕುಸಿದರೆ, ಪ್ರವಾಹ ಸುಮಾರು ಕಾಲು ಭಾಗಕ್ಕಿಂತ ಹೆಚ್ಚು ಏರುತ್ತದೆ. ತಂತಿಯಲ್ಲಿ ಹುಟ್ಟುವ ಶಾಖ ಪ್ರವಾಹದ ವರ್ಗಕ್ಕೆ ತಕ್ಕಂತೆ ಹೆಚ್ಚುತ್ತದೆಂದು ಇಂಗ್ಲೆಂಡಿನ ಜೂಲ್ 1841ರಲ್ಲಿ ತೋರಿಸಿಕೊಟ್ಟರು. ಅದರಂತೆ ಸುರುಳಿಯ ಶಾಖ ಒಂದೂವರೆ ಪಟ್ಟನ್ನೂ ಮೀರುತ್ತದೆ. ಸುರುಳಿಯ ಮೇಲಿನ ಲೇಪ ಕರಗಿ ಮೋಟಾರು ಸುಟ್ಟುಹೋಗುವುದು ಹೀಗೆ. ಒಂದು ಬೇಸಿಗೆಯಲ್ಲಿ ಎರಡು ಬಾರಿ ರೀವೈಂಡಿಂಗ್ ಮಾಡಿಸಿದ ಮನೆಯಲ್ಲಿ ಮಕ್ಕಳ ಶಾಲೆಯ ಶುಲ್ಕವೂ ಮಗಳ ಮದುವೆಯೂ ಮುಂದಕ್ಕೆ ಹೋಗುತ್ತವೆ.

ಒತ್ತಡ ಕುಸಿಯುವುದಾದರೂ ಏಕೆ? ನಮ್ಮವರು ಟಿ.ಸಿ. ಎಂದು ಕರೆಯುವ ಟ್ರಾನ್ಸ್‌ಫಾರ್ಮರಿನಿಂದ ತೋಟದವರೆಗೆ ಎಳೆದ ತಂತಿಗೂ ತನ್ನದೇ ರೋಧವಿದೆ. ಅದು ಎರಡೇ ಓಮ್ ಇದ್ದು, 20 ಆಂಪಿಯರ್ ಹರಿದರೆ, ದಾರಿಯಲ್ಲಿಯೇ 40 ವೋಲ್ಟ್ ಕಳೆದುಹೋಗುತ್ತದೆ. 800 ವ್ಯಾಟ್ ಯಾರಿಗೂ ಉಪಯೋಗವಿಲ್ಲದೆ ತಂತಿಯನ್ನು ಬಿಸಿ ಮಾಡುತ್ತದೆ. ಸುತ್ತಲಿನ ತೋಟಗಳವರೆಲ್ಲ ಒಟ್ಟಿಗೆ ಸ್ಟಾರ್ಟರ್ ಒತ್ತಿದಾಗ ಸಾಲಿನ ತುದಿಯಲ್ಲಿರುವವನಿಗೆ ಉಳಿಯುವುದು ಅಲ್ಪ. ಸರದಿಯಂತೆ ಮೋಟಾರು ಹಾಕಿಕೊಂಡರೆ ತುದಿಯವನ ಮೋಟಾರೂ ಉಳಿಯುತ್ತದೆ. ಭದ್ರೆಯ ನೀರನ್ನೆತ್ತಿ ಕೆರೆಗಳಿಗೆ ಹಾಯಿಸುವ ಉಬ್ರಾಣಿ–ಅಮೃತಾಪುರ ಏತ ನೀರಾವರಿಯ ದೊಡ್ಡ ಪಂಪುಗಳಿಗೂ ಈ ನಿಯಮದಿಂದ ವಿನಾಯಿತಿಯಿಲ್ಲ.

ದಾರಿಯ ನಷ್ಟವನ್ನು ಗೆಲ್ಲುವ ಉಪಾಯವೂ ಇದೇ ಲೆಕ್ಕದಲ್ಲಿದೆ. ಸಾಮರ್ಥ್ಯವೆಂಬುದು ಒತ್ತಡ ಮತ್ತು ಪ್ರವಾಹಗಳ ಗುಣಲಬ್ಧವಾದ್ದರಿಂದ, ಒತ್ತಡವನ್ನು ಏರಿಸಿದರೆ ಅಷ್ಟೇ ಸಾಮರ್ಥ್ಯವನ್ನು ಕಡಿಮೆ ಪ್ರವಾಹದಲ್ಲಿ ಕಳುಹಿಸಬಹುದು. ನಮ್ಮ ನಾಡು ಇದನ್ನು ಬಹಳ ಮುಂಚೆಯೇ ಕಂಡಿತು. 1902ರ ಜೂನ್‌ನಲ್ಲಿ ಶಿವನಸಮುದ್ರದಿಂದ ಕೋಲಾರದ ಚಿನ್ನದ ಗಣಿಗಳಿಗೆ 147 ಕಿಲೋಮೀಟರ್ ದೂರ ವಿದ್ಯುತ್ ಹರಿದದ್ದು ಸುಮಾರು 35,000 ವೋಲ್ಟ್ ಒತ್ತಡದಲ್ಲಿ. 230 ವೋಲ್ಟಿಗೆ ಹೋಲಿಸಿದರೆ ಇಲ್ಲಿ ಪ್ರವಾಹ ಸುಮಾರು 150ರಲ್ಲಿ ಒಂದು ಪಾಲು ಸಾಕು. ಅದೇ ತಂತಿಯಲ್ಲಿ ಆಗುವ ನಷ್ಟ ಇಪ್ಪತ್ತೆರಡು ಸಾವಿರ ಪಟ್ಟಿಗೂ ಹೆಚ್ಚು ಕಡಿಮೆಯಾಗುತ್ತದೆ.

ಕ್ರಿಸ್ತಜಯಂತಿಯ ಗೋದಲಿಯನ್ನು ಸಿಂಗರಿಸುವ ನಮ್ಮ ಯುವಕರಿಗೆ ಒಂದು ಮಾತು. ಎಲ್.ಇ.ಡಿ. ಬರುವುದಕ್ಕೆ ಮೊದಲು ಮನೆಮನೆಯಲ್ಲಿದ್ದ ಸೀರಿಯಲ್ ಸೆಟ್ಟಿನಲ್ಲಿ 6 ವೋಲ್ಟಿನ 38 ಪುಟ್ಟ ಬಲ್ಬುಗಳನ್ನು ಸರಣಿಯಲ್ಲಿ ಪೋಣಿಸಿ 230 ವೋಲ್ಟನ್ನು ಹಂಚಿಕೊಳ್ಳುವಂತೆ ಮಾಡಲಾಗುತ್ತಿತ್ತು. ಒಂದು ಕೆಟ್ಟರೆ ಎಲ್ಲವೂ ಆರುತ್ತಿದ್ದವು. ಕೆಟ್ಟದ್ದನ್ನು ತೆಗೆದು ತಂತಿಗೆ ತಂತಿ ಹೊಸೆದುಬಿಡುವ ಅಭ್ಯಾಸ ಹಲವರಿಗಿತ್ತು. ಹಾಗೆ ಎಂಟು ಬಲ್ಬುಗಳು ಹೋದರೆ ಉಳಿದ ಮೂವತ್ತಕ್ಕೆ ತಲಾ ಏಳೂವರೆ ವೋಲ್ಟಿಗೂ ಹೆಚ್ಚು ಬೀಳುತ್ತಿತ್ತು. ಒಣಹುಲ್ಲಿನ ಗೋದಲಿಯ ಮೇಲೆ ಅವು ಕಾದು ಉರಿಯುತ್ತಿದ್ದವು. 5 ಆಂಪಿಯರ್ ಫ್ಯೂಸಿನ ಜಾಗದಲ್ಲಿ ದಪ್ಪ ತಾಮ್ರದ ತಂತಿ ಕಟ್ಟುವುದಂತೂ ಇನ್ನೂ ಅಪಾಯಕರ. ಹೆಚ್ಚಿನ ಪ್ರವಾಹ ಬಂದಾಗ ತಾನು ಕರಗಿ ಮನೆಯನ್ನು ಉಳಿಸಬೇಕಾದ ತಂತಿ ಅದು. ಅದು ಕರಗದಿದ್ದರೆ ಗೋಡೆಯೊಳಗಿನ ವೈರು ಕಾಯುತ್ತದೆ.

ಈ ಲೆಕ್ಕಗಳು ರೂಪುಗೊಳ್ಳುತ್ತಿದ್ದ ವರ್ಷಗಳಲ್ಲಿಯೂ ಆಂಪಿಯರ್ ಅವರ ಮನೆಯ ದೀಪ ಮಂಕಾಗಿಯೇ ಇತ್ತು. 1824ರಲ್ಲಿ ಕಾಲೇಜ್ ದ ಫ್ರಾನ್ಸ್‌ನ ಪ್ರಾಧ್ಯಾಪಕ ಪೀಠ ದೊರೆಯಿತು, 1826ರಲ್ಲಿ ಮಹಾಗ್ರಂಥ ಸಿದ್ಧವಾಯಿತು. ಮಗಳ ವಿವಾಹ ಮಾತ್ರ ದುಃಖಕ್ಕೆ ಕಾರಣವಾಯಿತು. ಹಣ ಎಂದೂ ಸಾಲಲಿಲ್ಲ. ಆರೋಗ್ಯ ಕುಂದಿತು. ಅವರ ಮರೆಗುಳಿತನದ ಕಥೆಗಳು ಪ್ಯಾರಿಸ್ಸಿನಲ್ಲಿ ಪ್ರಸಿದ್ಧವಾಗಿದ್ದವು. ನಿಂತಿದ್ದ ಕುದುರೆಗಾಡಿಯ ಹಿಂಬದಿಯನ್ನು ಕಪ್ಪುಹಲಗೆಯೆಂದು ತಿಳಿದು ಲೆಕ್ಕ ಬರೆಯತೊಡಗಿ, ಗಾಡಿ ಹೊರಟಾಗ ಅದರ ಹಿಂದೆ ಓಡಿದರಂತೆ. ಕಥೆ ನಿಜವೋ ಸುಳ್ಳೋ, ನಂಬಲು ಕಷ್ಟವಿಲ್ಲ.

1831ರ ಕೊನೆಯಲ್ಲಿ ಲಿಯೋನಿನಿಂದ ಹದಿನೆಂಟು ವರ್ಷದ ವಿದ್ಯಾರ್ಥಿಯೊಬ್ಬ ಪ್ಯಾರಿಸ್ಸಿಗೆ ಬಂದನು. ಹೆಸರು ಫ್ರೆಡ್ರಿಕ್ ಓಜನಾಮ್. ಅಪರಿಚಿತ ನಗರ, ನಾಸ್ತಿಕ ಸಹಪಾಠಿಗಳು, ಹಿತವಲ್ಲದ ಬಾಡಿಗೆ ಮನೆ. ತಮ್ಮ ಊರಿನ ಹುಡುಗನೆಂದು ಆಂಪಿಯರ್ ಅವನನ್ನು ತಮ್ಮ ಮನೆಯಲ್ಲಿಯೇ ಇರಿಸಿಕೊಂಡರು, ಊಟಕ್ಕೆ ಜೊತೆಯಲ್ಲಿ ಕೂರಿಸಿಕೊಂಡರು. ಮನಸ್ಸು ಭಾರವಾಗಿದ್ದ ಒಂದು ದಿನ ಓಜನಾಮ್ ಸಂತ ಸ್ತೇಫನರ ದೇವಾಲಯದೊಳಕ್ಕೆ ಹೋದಾಗ, ಮೂಲೆಯಲ್ಲಿ ಮೊಣಕಾಲೂರಿದ ಮುದುಕರೊಬ್ಬರು ಬಡ ಹೆಂಗಸರ ನಡುವೆ ಜಪಸರ ಹೇಳುತ್ತಿರುವುದು ಕಂಡಿತೆಂದೂ, ಹತ್ತಿರ ಹೋಗಿ ನೋಡಿದರೆ ಅವರು ಆಂಪಿಯರ್ ಆಗಿದ್ದರೆಂದೂ ಓಜನಾಮರ ಚರಿತ್ರಕಾರರು ಬರೆಯುತ್ತಾರೆ. 1833ರ ಏಪ್ರಿಲ್ 23ರಂದು ಓಜನಾಮ್ ಕೆಲವೇ ಗೆಳೆಯರೊಡನೆ ಸೇರಿ ಆರಂಭಿಸಿದ ಸಂಘವೇ ಇಂದು ನಮ್ಮ ಅನೇಕ ಧರ್ಮಕೇಂದ್ರಗಳಲ್ಲಿ ಬಡವರ ಮನೆಬಾಗಿಲಿಗೆ ಅಕ್ಕಿಬೇಳೆ ಮುಟ್ಟಿಸುತ್ತಿರುವ ಸಂತ ವಿನ್ಸೆಂಟ್ ದೇ ಪೌಲ್ ಸಭೆ. 1997ರ ಆಗಸ್ಟ್ 22ರಂದು ಪ್ಯಾರಿಸ್ಸಿನಲ್ಲಿ ಪೋಪ್ ಎರಡನೆಯ ಜಾನ್ ಪೌಲರು ಓಜನಾಮರನ್ನು ಪುನೀತರೆಂದು ಘೋಷಿಸಿದರು.

ಆಂಪಿಯರ್ ಅವರ ಕೊನೆಯ ಪ್ರಯಾಣವೂ ಶಾಲೆಗಳ ತಪಾಸಣೆಗಾಗಿಯೇ. ಅರವತ್ತೊಂದರ ವಯಸ್ಸಿನಲ್ಲಿ, ಎದೆಯ ಬೇನೆಯಿಂದ ಬಳಲುತ್ತಲೇ, ಅವರು ದಕ್ಷಿಣ ಫ್ರಾನ್ಸಿಗೆ ಹೊರಟರು. ಮಾರ್ಸೇಲ್ ನಗರವನ್ನು ತಲಪಿದಾಗ ಹಾಸಿಗೆ ಹಿಡಿದರು. ಪಕ್ಕದಲ್ಲಿದ್ದವರೊಬ್ಬರು ಕ್ರಿಸ್ತಾನುಕರಣೆ ಗ್ರಂಥದಿಂದ ಒಂದು ಭಾಗವನ್ನು ಓದತೊಡಗಿದಾಗ, ಆ ಗ್ರಂಥ ತಮಗೆ ಬಾಯಿಪಾಠವಾಗಿದೆಯೆಂದು ಅವರು ತಿಳಿಸಿದರಂತೆ. 1836ರ ಜೂನ್ 10ರಂದು ಅವರು ಪ್ರಭುವಿನಲ್ಲಿ ನಿದ್ರೆಹೋದರು. ಹತ್ತಿರದ ಬಂಧುಗಳಾರೂ ಬಳಿಯಲ್ಲಿರಲಿಲ್ಲ.

1881ರಲ್ಲಿ ಪ್ಯಾರಿಸ್ಸಿನಲ್ಲಿ ಸೇರಿದ ಅಂತರರಾಷ್ಟ್ರೀಯ ವಿದ್ಯುತ್ ಸಮ್ಮೇಳನವು ಒತ್ತಡಕ್ಕೆ ವೋಲ್ಟ್, ರೋಧಕ್ಕೆ ಓಮ್, ಪ್ರವಾಹಕ್ಕೆ ಆಂಪಿಯರ್ ಎಂಬ ಹೆಸರುಗಳನ್ನು ಅಂಗೀಕರಿಸಿತು. ಸಾಮರ್ಥ್ಯದ ವ್ಯಾಟ್ ಅವುಗಳ ಪಂಕ್ತಿಗೆ ಸೇರಿದ್ದು 1889ರಲ್ಲಿ. ಎರಡು ಸಮಾಂತರ ತಂತಿಗಳ ನಡುವಿನ ಬಲದಿಂದಲೇ ಆಂಪಿಯರನ್ನು ನಿರೂಪಿಸುವ ಪದ್ಧತಿ 2019ರ ಮೇ 20ರವರೆಗೂ ನಡೆದುಬಂತು. ಅಂದಿನಿಂದ ಎಲೆಕ್ಟ್ರಾನಿನ ವಿದ್ಯುದಂಶವೇ ಅದಕ್ಕೆ ಆಧಾರ. ಪೊಲೆಮಿಯೊದ ಹಳೆಯ ಮನೆ 1931ರಿಂದ ವಿದ್ಯುತ್ ವಸ್ತುಸಂಗ್ರಹಾಲಯವಾಗಿದೆ. ಮಾರ್ಸೇಲಿನಲ್ಲಿ ಮಣ್ಣಾಗಿದ್ದ ಅವರ ಅಸ್ಥಿಗಳನ್ನು 1869ರಲ್ಲಿ ಪ್ಯಾರಿಸ್ಸಿನ ಮೋಂಮಾರ್ತ್ರ್ ಸ್ಮಶಾನಕ್ಕೆ ತಂದು, ಜೂಲೀ ಹೆತ್ತ ಆ ಒಬ್ಬನೇ ಮಗನ ಜೊತೆಯಲ್ಲಿ ಇರಿಸಲಾಯಿತು.